ನವ ಮಿತಾಕ್ಷರಾ: ಹರಕು ಸೀರೆಯ ದಾಯವಿಚಾರ

ಶಾಸ್ತ್ರವನ್ನು ಓದಲು ಅಧಿಕಾರಿ ಯಾರು ಎಂಬುದು ಮೊದಲು ಇತ್ಯರ್ಥವಾಗಬೇಕು. ಸರಳ ಜೀವನಶಾಸ್ತ್ರಕ್ಕೆ ಅಧಿಕಾರಿ ಯಾರು? ಸೇಡಂ ತಾಲ್ಲೂಕಿನ ಮಳಖೇಡದಿಂದ 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಅಮೋಘವರ್ಷ ವಿವೇಕ ಮೂಡಿ ರಾಜ್ಯ ಬಿಟ್ಟನೆಂದು ಅವನ ಹೆಸರಿನ ಪ್ರಶ್ನೋತ್ತರ ರತ್ನಮಾಲಿಕೆ ಹೇಳುತ್ತದೆ. ಲೋಕ ಇಂದಿಗೂ ಅವನನ್ನು ಹೊಗಳುತ್ತಿದೆ. ಅದೇ ಕೋಟೆಯ ಮಗ್ಗುಲಲ್ಲಿ, ಕಾಗಿಣಾ ಹೊಳೆಯ ದಂಡೆಗೆ, ಬಿಡಲು ಯಾವ ರಾಜ್ಯವೂ ಇಲ್ಲದ ಮುದುಕಿಯೊಬ್ಬಳು ಎರಡೇ ಸೀರೆಯಲ್ಲಿ ವರ್ಷ ಕಳೆದರೆ ಅವಳ ಹೆಸರು ಬಿಪಿಎಲ್ ಪಟ್ಟಿ ಸೇರುತ್ತದೆ. ಆದಕಾರಣ ಸಿದ್ಧಾಂತ: ಇದ್ದು ಬಿಟ್ಟವನು ಅಧಿಕಾರಿ, ಇಲ್ಲದವಳು ಫಲಾನುಭವಿ. ಪ್ರಸ್ತುತ ಗ್ರಂಥ ಅಧಿಕಾರಿಗಳಿಗಾಗಿ. ಫಲಾನುಭವಿಗಳಿಗೆ ಇದೆಲ್ಲ ಮೊದಲೇ ಗೊತ್ತು.

ಇನ್ನು ಪ್ರಮಾಣಗ್ರಂಥ. ಶಹಾಬಾದ್ ಹತ್ತಿರದ ಮರತೂರನ್ನು ವಿಜ್ಞಾನೇಶ್ವರನ ಊರೆನ್ನುತ್ತಾರೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತ ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ಟೀಕೆ, ಬಂಗಾಳದ ಕಡೆಯೊಂದನ್ನು ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂ ಮನೆಗಳ ಆಸ್ತಿ ಪಾಲು ಮಾಡಿತು. ಹೊಲ, ಮನೆ, ಬಂಗಾರ ಎಲ್ಲವನ್ನೂ ವಿಚಾರಿಸಿದ ಆ ಮಹಾನುಭಾವ ಹರಕು ಸೀರೆಯ ವಿಚಾರಕ್ಕೆ ಕೈ ಹಾಕಲಿಲ್ಲ. ಆ ಕೊರತೆಯನ್ನು ತುಂಬುವುದೇ ನಮ್ಮ ಉದ್ದೇಶ. ಸೂತ್ರ ನಮ್ಮದು, ವ್ಯಾಖ್ಯಾನ ನಮ್ಮದು. ಪ್ರತ್ಯಕ್ಷ ಪ್ರಮಾಣ ಮಾತ್ರ ಚಿತ್ತಾಪುರದ ದೊಡ್ಡವ್ವನದು.

ಸೂತ್ರ: ಅಣ್ಣನ ಅಂಗಿಯಲ್ಲಿ ತಮ್ಮನಿಗೆ ಹುಟ್ಟಿನಿಂದಲೇ ಹಕ್ಕು.

ಬಂಗಾಳದ ಜೀಮೂತವಾಹನನ ಪ್ರಕಾರ ತಂದೆ ತೀರಿಕೊಂಡ ಮೇಲಷ್ಟೇ ಮಗನಿಗೆ ಆಸ್ತಿಯಲ್ಲಿ ಹಕ್ಕು ಹುಟ್ಟುತ್ತದೆ. ವಿಜ್ಞಾನೇಶ್ವರನ ಪ್ರಕಾರ ಮಗ ಹುಟ್ಟುತ್ತಲೇ ಹಕ್ಕೂ ಹುಟ್ಟುತ್ತದೆ. ನಮ್ಮ ಭಾಗದ ಮನೆಗಳು ಅಂಗಿಯ ವಿಷಯದಲ್ಲಿ ಸ್ಪಷ್ಟವಾಗಿ ಮರತೂರಿನ ಪಕ್ಷ. ಅಣ್ಣ ಅಂಗಿಯನ್ನು ಇನ್ನೂ ತೊಟ್ಟಿರುವಾಗಲೇ, ಅವನು ಗುಂಡಿ ಕಿತ್ತುಕೊಂಡ ದಿನ, ಪೆಟ್ಟು ಕೊಡುವ ಅಧಿಕಾರ ತಮ್ಮನಿಗಿರುತ್ತದೆ. ಶಾಲೆಯ ಹೊಸ ಚಡ್ಡಿಯನ್ನು ಎರಡು ಬೆರಳು ಉದ್ದ ಹೊಲಿಸಿ ಒಳಗೆ ಮಡಚುವುದು ಇನ್ನೂ ಹುಟ್ಟದ ವಾರಸುದಾರನ ಹಿತರಕ್ಷಣೆಗಾಗಿ. ದೇಶದಾದ್ಯಂತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬರಲು 2005ರ ತಿದ್ದುಪಡಿಯೇ ಬೇಕಾಯಿತು. ಅವ್ವನ ಹಳೇ ಸೀರೆಯಲ್ಲಿ ಅವರಿಗೆ ಸಮಪಾಲಲ್ಲ, ಪೂರ್ತಿ ಪಾಲೇ ಇತ್ತು. ಗಂಡುಮಕ್ಕಳು ಅದಕ್ಕಾಗಿ ಕೋರ್ಟಿಗೆ ಹೋದ ದಾಖಲೆ ನಮ್ಮ ಕೈಗೆ ಸಿಕ್ಕಿಲ್ಲ.

ಸೂತ್ರ: ಒಂದೇ ಸೀರೆಯ ಚಿಂದಿಗಳು ಪರಸ್ಪರ ಸಪಿಂಡ.

ಇದು ಗ್ರಂಥದ ಹೃದಯ. ಪಿಂಡ ಹಾಕುವುದರಿಂದ ಸಪಿಂಡರಾಗುವುದಿಲ್ಲ, ಒಂದೇ ಶರೀರದ ಅಂಶ ಹಂಚಿಕೊಂಡದ್ದರಿಂದ ಆಗುತ್ತಾರೆ ಎಂದು ವಿಜ್ಞಾನೇಶ್ವರ ವಾದಿಸಿದ. ಈ ಸಂಬಂಧ ತಂದೆಯ ಕಡೆಯಿಂದ ಏಳು ತಲೆಮಾರು, ತಾಯಿಯ ಕಡೆಯಿಂದ ಐದು ತಲೆಮಾರು ನಡೆಯುತ್ತದೆ. ಸೀರೆಗೆ ಅನ್ವಯಿಸಿ ನೋಡೋಣ. ಜಾತ್ರೆಗೆ ಉಡುವ ಸೀರೆ ಮೂಲಪುರುಷ, ಅಂದರೆ ಮೂಲಸ್ತ್ರೀ. ಬಣ್ಣ ಬಿಟ್ಟ ಮೇಲೆ ಅದು ಹೊಲಕ್ಕೆ ಉಡುವ ಸೀರೆ. ತೊಗರಿ ಕೊಯ್ಲಿನಲ್ಲಿ ಅದರ ಅರ್ಧ ಆಯುಷ್ಯ ಹೋಗುತ್ತದೆ. ಮೂರನೆಯದು ತೊಲೆಗೆ ಕಟ್ಟಿದ ಕೂಸಿನ ಜೋಳಿಗೆ. ನಾಲ್ಕನೆಯದು ಕೌದಿ. ಇಲ್ಲಿ ವಂಶವೃಕ್ಷ ಜಟಿಲವಾಗುತ್ತದೆ: ಅಜ್ಜನ ಧೋತರ, ಸೊಸೆಯ ಕುಬಸ, ಯಾರೂ ಒಪ್ಪಿಕೊಳ್ಳದ ಒಂದು ಲುಂಗಿ ಎಲ್ಲ ಒಂದೇ ದಬ್ಬಣದ ಕೆಳಗೆ ಬಂದು ಅವಿಭಕ್ತ ಕುಟುಂಬವಾಗುತ್ತವೆ. ಚಿಂಚೋಳಿ ಕಡೆಯ ತಾಂಡಾಗಳ ಹೆಂಗಸರು ಸೂಜಿ ಹಿಡಿದರೆ ಈ ಕುಟುಂಬಕ್ಕೆ ಕನ್ನಡಿ ಚೂರುಗಳೂ ದತ್ತು ಬರುತ್ತವೆ. ಕೌದಿಯೂ ಹರಿದ ಮೇಲೆ ಅದರ ತುಂಡು ಖಡಕ್ ರೊಟ್ಟಿಯ ಬುಟ್ಟಿಯೊಳಗೋ, ಕೊಡದ ಕೆಳಗಿನ ಸಿಂಬಿಯಾಗಿಯೋ ನಿಲ್ಲುತ್ತದೆ. ಆರನೆಯದು ನೆಲ ಒರೆಸುವ ಅರಿವೆ. ಏಳನೆಯದು ಒಲೆ ಹೊತ್ತಿಸುವ ಚಿಂದಿ. ಅದರ ಬೂದಿ ಪಾತ್ರೆ ತಿಕ್ಕಿ, ಮುಸುರೆ ನೀರಿನ ಬೆನ್ನು ಹತ್ತಿ ತಿಪ್ಪೆ ಸೇರುತ್ತದೆ. ಅಲ್ಲಿಗೆ ಸಾಪಿಂಡ್ಯ ಮುಗಿಯುತ್ತದೆ.

ಚಿಕಿತ್ಸಕ ಓದುಗರು ಆಕ್ಷೇಪಿಸಬಹುದು: ಸೀರೆ ತಾಯಿಯ ಕಡೆಯದು, ಐದಕ್ಕೇ ನಿಲ್ಲಬೇಕಿತ್ತು, ಏಳು ನಡೆಯಬೇಕಾದ ಧೋತರವೇ ನಾಲ್ಕರಲ್ಲಿ ಮುಗಿಯುತ್ತದೆ. ಇದನ್ನು ದೊಡ್ಡವ್ವನ ಮುಂದಿಟ್ಟೆ. "ದೊಡ್ಡವ್ವ, ಶಾಸ್ತ್ರದ ಪ್ರಕಾರ ಸೀರಿ ಐದ ಪೀಳಿಗಿಗೆ ನಿಲ್ಲಬೇಕ ನೋಡು."

"ಶಾಸ್ತ್ರ ಬರದವಗ ಯಪ್ಪಾ, ಸೀರಿ ಯಾರು ಒಗದು ಕೊಡ್ತಿದ್ರು?"

ಉತ್ತರ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ಮೊದಲು ತೋರಿತು. ಆದರೆ ಪ್ರತಿ ತಲೆಮಾರಿನ ನಡುವೆ ಒಬ್ಬಳು ಒಗೆಯಬೇಕು, ಹರಿಯಬೇಕು, ಹೊಲಿಯಬೇಕು. ಒಂದು ಕೌದಿಗೆ ಎಷ್ಟು ಮಧ್ಯಾಹ್ನ, ಎಷ್ಟು ಬೆನ್ನುನೋವು ಹೋಗುತ್ತದೆ ಎಂಬುದನ್ನು ಸರಳ ಜೀವನದ ಯಾವ ಭಾಷ್ಯಕಾರನೂ ಖರ್ಚಿನ ಕಾಲಮ್ಮಿಗೆ ಹಾಕಿದ್ದನ್ನು ನಾವು ನೋಡಿಲ್ಲ. ನಾವೂ ಹಾಕುವುದಿಲ್ಲ, ಗ್ರಂಥ ದೊಡ್ಡದಾಗುತ್ತದೆ.

ಪಾಲಿಯೆಸ್ಟರ್ ಸೀರೆಯ ಪ್ರಶ್ನೆ ಬೇರೆ. ಅದು ಸುಲಭಕ್ಕೆ ಹರಿಯುವುದಿಲ್ಲ, ಆದ್ದರಿಂದ ಸಂತಾನವಿಲ್ಲ. ಜೋಳಿಗೆ ಕಟ್ಟಿದರೆ ಕೂಸು ಬೆವರುತ್ತದೆ, ನೆಲ ಒರೆಸಿದರೆ ನೀರು ಕುಡಿಯುವುದಿಲ್ಲ, ಒಲೆಗೆ ಹಾಕಿದರೆ ಕರಗಿ ಅಂಟುತ್ತದೆ. ಅದು ನೈಷ್ಠಿಕ ಬ್ರಹ್ಮಚಾರಿ ಎಂದು ಬಿಟ್ಟುಬಿಡುವುದು ಲೇಸು.

ಮರುಬಳಕೆಗೆ ಪುರಾತತ್ವದ ಆಧಾರ ಉಂಟೇ ಎಂದು ಕೇಳುವವರು ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಬೇಕು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಛಾವಣಿ ಕುಸಿಯಿತು. ದೇವಿಯ ಪೀಠದ ಕಲ್ಲು ನೋಡಿದರೆ ಎರಡೂ ಮುಖಕ್ಕೆ ಬ್ರಾಹ್ಮಿ ಲಿಪಿ: ಸಾಕ್ಷಾತ್ ಅಶೋಕನ ಶಾಸನ! ಹಿಂದೆ ಯಾರೋ ಪುಣ್ಯಾತ್ಮರು ಪೀಠಕ್ಕೆ ಕಲ್ಲು ಬೇಕಾದಾಗ, ಬಿದ್ದಿದ್ದ ಚಕ್ರವರ್ತಿಯ ಆಜ್ಞೆಯನ್ನು ಎತ್ತಿ ತಂದು, ನಡುವೆ ಮೂರ್ತಿಗೆ ತೂತು ಕೊರೆದು ಕೂರಿಸಿದ್ದರು. ಹೊಸ ಕಲ್ಲು ಒಡೆಯಲಿಲ್ಲ, ಖಣಿ ತೋಡಲಿಲ್ಲ. ಕಡಿಮೆ ಖರ್ಚು ಮಾಡುವುದು, ಕಡಿಮೆ ಸಾಮಾನು ಇಟ್ಟುಕೊಳ್ಳುವುದು ಒಳ್ಳೆಯದು ಎಂದು ಅಶೋಕ ಸಾರಿದ್ದು ತನ್ನ ಮೂರನೆಯ ಬಂಡೆ ಶಾಸನದಲ್ಲಿ. ಸನ್ನತಿಯ ಕಲ್ಲಿನಲ್ಲಿರುವುದು ಹನ್ನೆರಡು ಮತ್ತು ಹದಿನಾಲ್ಕನೆಯ ಶಾಸನಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು, ಮೂರನೆಯದಿಲ್ಲ. ವಿದ್ವಾಂಸರು ಇದಕ್ಕೆ ಏನೇನೋ ಕಾರಣ ಹುಡುಕಬಹುದು. ಚಿತ್ತಾಪುರದವರಿಗೆ ಅದನ್ನು ಬೇರೆ ಹೇಳಬೇಕೇ ಎಂದು ಚಕ್ರವರ್ತಿ ಬಿಟ್ಟನೆಂಬುದು ನಮ್ಮ ಊಹೆ.

ಶಹಾಬಾದಿನ ಪರಸಿಯೂ ಇದೇ ಪಂಥದ್ದು. ಪದರು ಪದರಾಗಿ ಏಳುವ ಈ ಸುಣ್ಣಕಲ್ಲನ್ನು ನೆಲಕ್ಕೆ ಹಾಸುತ್ತಾರೆ, ಗೋಡೆಗೆ ನಿಲ್ಲಿಸುತ್ತಾರೆ, ಮಾಳಿಗೆಗೆ ಹೊದಿಸುತ್ತಾರೆ. ಮನೆ ಕೆಡವಿದರೆ ಕಲ್ಲು ಎದ್ದು ಬಂದು ಇನ್ನೊಂದು ಮನೆಯಲ್ಲಿ ಮಲಗುತ್ತದೆ. ಸಿಮೆಂಟಿನ ನೆಲವನ್ನು ಹಾಗೆ ಎಬ್ಬಿಸಿದವರಿಲ್ಲ.

ಪೂರ್ವಪಕ್ಷ ಈಗ ಬರುತ್ತದೆ, ಬೆಂಗಳೂರಿನಿಂದ, ಆನ್‌ಲೈನ್ ಪೊಟ್ಟಣದಲ್ಲಿ: ಬಿದಿರಿನ ಹಲ್ಲುಜ್ಜುವ ಬ್ರಷ್ಷು, ತಾಮ್ರದ ಬಾಟಲಿ, ಪರಿಸರ ಉಳಿಸಿ ಎಂದು ಮುದ್ರಿಸಿದ ಆರು ಬಟ್ಟೆ ಚೀಲ. ಸರಳವಾಗಬೇಕಾದರೆ ಮೊದಲು ಇವನ್ನು ಕೊಳ್ಳಬೇಕು ಎಂಬುದು ಪೂರ್ವಪಕ್ಷಿಯ ಮತ. ಇದಕ್ಕೆ ಉತ್ತರ ಮತ್ತೆ ರಾಷ್ಟ್ರಕೂಟರ ಕಾಲದಲ್ಲೇ ಸಿಗುತ್ತದೆ. ಅಮೋಘವರ್ಷನ ಆಶ್ರಯದಲ್ಲಿ 850ರ ಸುಮಾರಿಗೆ ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದ. ಗಣಿತಜ್ಞರು ತಪ್ಪೆಂದರು. ದೊಡ್ಡವ್ವನ ಅಟ್ಟ ಹತ್ತಿ ನೋಡಿದ್ದರೆ ಅನ್ನುತ್ತಿರಲಿಲ್ಲ. ಆರು ಚೀಲ, ಬೇಕಾದವರು ಸೊನ್ನೆ ಜನ. ಆರೂ ಹಾಗೇ ಇವೆ.

ಉಳಿದದ್ದು ಸಿಮೆಂಟ್ ಚೀಲ ಪ್ರಕರಣ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳ ಸೀಮೆಯಲ್ಲಿ ಖಾಲಿ ಚೀಲ ಬಚ್ಚಲಿಗೆ ಪರದೆ, ಮಳೆಗೆ ಕೊಪ್ಪೆ, ಅಂಗಳದಲ್ಲಿ ಮೆಣಸಿನಕಾಯಿಗೆ ಹಾಸಿಗೆ. ವರ್ತನೆಯೆಲ್ಲ ಸೀರೆಯ ಹಾಗೆಯೇ, ಆದರೆ ರಕ್ತಸಂಬಂಧವಿಲ್ಲ: ಬಿಸಿಲಿಗೆ ಪುಡಿಯಾಗಿ, ಎಳೆ ಎಳೆಯಾಗಿ ಹೊಲ ಸೇರುತ್ತದೆ, ಮಣ್ಣಾಗುವುದಿಲ್ಲ. ಅದು ಹೋಗಲಿ, ಅದರೊಳಗೆ ಇದ್ದದ್ದರ ವಿಚಾರ? ಸಿಮೆಂಟು ಗೂಡಿನಲ್ಲಿ ಸುಮಾರು 1,450 ಡಿಗ್ರಿಯ ಬೆಂಕಿ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಹಾರುತ್ತದೆ. ಉರಿಸಿದ ಕಲ್ಲಿದ್ದಲಿನ ಲೆಕ್ಕ ಬೇರೆ. 56 ಕಿಲೋ ಯಾರದೆಂದು ಬಿಲ್ಲು ಹೇಳುತ್ತದೆ. 44 ಕಿಲೋಗೆ ವಾರಸುದಾರ ಯಾರು?

ಇದು ಅಪ್ರತಿಬಂಧ ದಾಯ, ಹುಟ್ಟಿದವರೆಲ್ಲರಿಗೂ ಹುಟ್ಟಿನಿಂದಲೇ ಪಾಲು, ಬೇಡವೆನ್ನುವ ಅವಕಾಶವಿಲ್ಲ ಎಂಬುದು ಒಂದು ಪಕ್ಷ. ಅಲ್ಲ, ಇದು ಆಸ್ತಿಯಲ್ಲ, ಸಾಲ. ತಂದೆಯ ಸಾಲವನ್ನು ಮಗ ತೀರಿಸಬೇಕು ಎಂಬುದು ಇನ್ನೊಂದು. ಆದರೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲಕ್ಕೆ ಮಗ ಹೊಣೆಯಲ್ಲವೆಂದು ಯಾಜ್ಞವಲ್ಕ್ಯ ವಿನಾಯಿತಿ ಕೊಟ್ಟಿದ್ದಾನೆ. ಇಪ್ಪತ್ತನೇ ಮಹಡಿಯ ಫ್ಲ್ಯಾಟಿನ ಮೂರನೆಯ ಬಚ್ಚಲು ಜೂಜಿನ ಬಾಬತ್ತೇ? ರೇಟು ಏರಲೆಂದು ಕೊಂಡು ಬೀಗ ಹಾಕಿದ್ದಾದರೆ ಜೂಜೇ ಎಂದು ಪೂರ್ವಪಕ್ಷಿ ತಾನಾಗಿ ಒಪ್ಪಿಕೊಂಡು ವಿನಾಯಿತಿ ಕೇಳುತ್ತಾನೆ. ಆದರೆ ಅದೇ ಸ್ಮೃತಿಯಲ್ಲಿ ಇನ್ನೊಂದು ಮಾತಿದೆ: ಆಸ್ತಿ ತೆಗೆದುಕೊಂಡವನೇ ಸಾಲವನ್ನೂ ತೀರಿಸಬೇಕು. ದೊಡ್ಡವ್ವನ ಪಾಲಿಗೆ ಬಂದದ್ದು ಖಾಲಿ ಚೀಲ. ತುಂಬಿದ ಚೀಲ ತೆಗೆದುಕೊಂಡವರು ಹೈದರಾಬಾದು, ಪುಣೆ, ಬೆಂಗಳೂರಿನಲ್ಲಿದ್ದಾರೆ. ಆದುದರಿಂದ ಸಾಲ ಅವರ ಮೇಲಿದೆ ಎಂಬುದು ಸಿದ್ಧಾಂತ. ವಸೂಲಿಗೆ ಹೊರಡುವವರಿಗೆ ವಾಡಿ ಜಂಕ್ಷನ್‌ನಿಂದ ಮೂರೂ ದಿಕ್ಕಿಗೆ ರೈಲುಂಟು. ಚಿಂಚೋಳಿಯವರು ಮಾತ್ರ ಮೊದಲು ಬಸ್ಸು ಹಿಡಿದು ಬರಬೇಕು. ಅಲ್ಲಿಗೆ ರೈಲು ಇನ್ನೂ ಹೋಗಿಲ್ಲ.