ದೋಸ್ತಿ ಪಿಚ್ಚರಿನಲ್ಲಿ ದ್ರೋಹದ ಪಾಠಾಂತರಗಳು: ಹುಬ್ಬಳ್ಳಿ-ಧಾರವಾಡ ಅವಳಿನಗರವನ್ನು ಅನುಲಕ್ಷಿಸಿ ಒಂದು ಶಾಸ್ತ್ರೀಯ ವಿವೇಚನೆ

ಮಂಗಲಾಚರಣೆಗೆ ಇಲ್ಲಿ ಅವಕಾಶವಿಲ್ಲ. ನ್ಯೂಸ್ ರೀಲು ಮುಗಿದಾಗಿದೆ. ಬಾಲ್ಯದ ಗೆಳೆಯರಿಬ್ಬರು, ನಡುವೆ ಒಂದು ದ್ರೋಹ, ಕಡೆಗೆ ಒಬ್ಬನ ಪಶ್ಚಾತ್ತಾಪ ಮತ್ತು ಬಹುತೇಕ ಇನ್ನೊಬ್ಬನ ಹೆಣ. ಈ ಕಥಾಬಂಧ ಲೋಕದ ಎಲ್ಲ ಭಾಷೆಗಳಲ್ಲೂ ಇದೆಯೆಂದು ಬೆಂಗಳೂರಿನ ಕಡೆಯ ವಿದ್ವಾಂಸರು ಹೇಳುವುದುಂಟು. ಅವರು ಧಾರವಾಡಕ್ಕೆ ಬಂದರೆ ಫೇಡೆ ಕಟ್ಟಿಸಿಕೊಂಡು ಹೋಗುತ್ತಾರೆಯೇ ಹೊರತು ನಮ್ಮ ವಾದ ಕೇಳಿಸಿಕೊಂಡು ಹೋಗುವುದಿಲ್ಲ. ಸದರಿ ಕಥಾಬಂಧದ ಮೂಲಸ್ಥಾನ ಧಾರವಾಡ ಜಿಲ್ಲೆಯೇ ಎಂದು ಸಾಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಸಾಧಿಸಲಾಗದಿದ್ದಲ್ಲಿ ಅದು ಆಕರಗಳ ದೋಷವೆಂದು ತಿಳಿಯತಕ್ಕದ್ದು.

ವಿಧಾನದ ಬಗ್ಗೆ ಎರಡು ಮಾತು. ನೋಡಿದ ಪಿಚ್ಚರುಗಳನ್ನು ನೆನಪಿನಿಂದಲೂ, ನೋಡದವನ್ನು ಸೋದರತ್ತೆಯ ಮಗನ ಬಾಯಿಂದಲೂ ಸಂಗ್ರಹಿಸಲಾಗಿದೆ. ಎರಡೂ ಹೊಂದದಿದ್ದಾಗ ಸೋದರತ್ತೆಯ ಮಗನದೇ ಪ್ರಮಾಣ, ಏಕೆಂದರೆ ಅವನ ದನಿ ದೊಡ್ಡದು.

ಪ್ರಾಚೀನ ಆಕರದಿಂದ ಆರಂಭಿಸೋಣ. ದ್ರೋಣ, ದ್ರುಪದರು ಒಂದೇ ಆಶ್ರಮದಲ್ಲಿ ಓದಿದವರು. ಮುಂದೆ ಒಬ್ಬ ಅರಸನಾದ, ಇನ್ನೊಬ್ಬನಿಗೆ ಮಗುವಿಗೆ ಹಾಲು ಕುಡಿಸಲೂ ಗತಿಯಿಲ್ಲ. ಬಡವ ಬಂದು ಗೆಳೆಯಾ ಎಂದರೆ ಅರಸ ಗುರುತೇ ಹಿಡಿಯಲಿಲ್ಲ. 941ರಲ್ಲಿ ಪಂಪ ತನ್ನ ಭಾರತವನ್ನು ಬರೆದ. ಆತನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರ್ಕ್ಯಾಲ ಶಾಸನ ಹೇಳುತ್ತದೆ. ಅಣ್ಣಿಗೇರಿ ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹಾದಿಯಲ್ಲಿದೆ. ತಾಯಿಯ ತವರಿನ ಕಡೆ ಬಂದ ಹುಡುಗ ಅಲ್ಲಿನ ಕಟ್ಟೆಯ ಮೇಲೆ ಗೆಳೆಯರ ಜಗಳ ನೋಡದೆ ಇದ್ದಿರಲು ಸಾಧ್ಯವೆ? ನೋಡಿದ, ಆದ್ದರಿಂದ ಬರೆದ. ಕಥೆ ವ್ಯಾಸರದಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಸಿದ್ಧವಿದೆ: ಪಂಪನದು ರೀಮೇಕು, ಒಪ್ಪಿದೆವು; ನಾಯಕ ಅರ್ಜುನನ ಪಾತ್ರದಲ್ಲಿ ತನ್ನ ಪ್ರೊಡ್ಯೂಸರ್ ಅರಿಕೇಸರಿಯನ್ನೇ ತಂದು ನಿಲ್ಲಿಸಿದ ಮೇಲೆ ಅದನ್ನು ಸ್ವಮೇಕೆನ್ನಲು ಅಡ್ಡಿಯೇನು?

ದ್ರೋಣ, ದ್ರುಪದರ ಈ ಪ್ರಸಂಗದ ತೀರ್ಮಾನವನ್ನು ಓದುಗರು ಲಕ್ಷ್ಯವಿಟ್ಟು ಗಮನಿಸಬೇಕು, ಮುಂದೆ ಕೆಲಸಕ್ಕೆ ಬರುತ್ತದೆ. ಅರ್ಜುನ ದ್ರುಪದನನ್ನು ಹೆಡೆಮುರಿಗೆ ಕಟ್ಟಿ ತಂದ. ದ್ರೋಣ ಕೊಲ್ಲಲಿಲ್ಲ, ಅರ್ಧ ರಾಜ್ಯ ಇಸಿದುಕೊಂಡ. ಗಂಗೆಯ ಉತ್ತರಕ್ಕೆ ಇವನು, ದಕ್ಷಿಣಕ್ಕೆ ಅವನು. ಪಶ್ಚಾತ್ತಾಪ ಇಬ್ಬರಿಗೂ ಆಗಲಿಲ್ಲ. ಒಬ್ಬ ತಾನು ಉದಾರಿ ಎಂದುಕೊಂಡ. ಇನ್ನೊಬ್ಬ ಮನೆಗೆ ಹೋಗಿ, ದ್ರೋಣನನ್ನು ಕೊಲ್ಲುವ ಮಗ ಹುಟ್ಟಲೆಂದು ಯಜ್ಞ ಮಾಡಿಸಿದ.

ಎರಡನೆಯ ಆಕರ ಧಾರವಾಡದವರೇ ಆದ ಗಿರೀಶ ಕಾರ್ನಾಡರ ‘ಹಯವದನ’ (1971). ಪಂಡಿತನ ಮಗ ದೇವದತ್ತ, ಕಮ್ಮಾರನ ಮಗ ಕಪಿಲ. ಒಬ್ಬನಿಗೆ ತಲೆ, ಒಬ್ಬನಿಗೆ ರಟ್ಟೆ. ನಡುವೆ ಪದ್ಮಿನಿ ಬಂದು ಗೆಳೆತನ ಕೆಟ್ಟು, ಇಬ್ಬರೂ ತಲೆ ಕಡಿದುಕೊಂಡು, ಕಾಳಿಯ ವರದಿಂದ ತಲೆಗಳು ಅದಲುಬದಲಾಗಿ ಕೂರುತ್ತವೆ. ನಾಟಕದ ಊರಿನ ಹೆಸರು ಧರ್ಮಪುರ. ಹೆಸರು ಬದಲಾಯಿಸಿದರೆ ನಮಗೆ ತಿಳಿಯುವುದಿಲ್ಲವೆಂದು ಕಾರ್ನಾಡರು ಭಾವಿಸಿದ್ದರೇನೋ. ವಿಶ್ವವಿದ್ಯಾಲಯ, ಆಕಾಶವಾಣಿ, ವಿದ್ಯಾವರ್ಧಕ ಸಂಘ ಇಟ್ಟುಕೊಂಡು ದಿನವಿಡೀ ಚರ್ಚಿಸುವ ಊರು ದೇವದತ್ತನೆಂದೂ, ರೈಲ್ವೆ ವರ್ಕ್‌ಶಾಪು, ಎಪಿಎಂಸಿ, ಅಡತಿ ಅಂಗಡಿಗಳ ಹುಬ್ಬಳ್ಳಿ ಕಪಿಲನೆಂದೂ ಹೇಳಲು ಸಂಶೋಧನೆಯೇ ಬೇಡ. ಬೇಕಾದರೆ ಮಾಡಿಕೊಡಲಾಗುವುದು.

ಈಗ ಸೂತ್ರಗ್ರಂಥಕ್ಕೆ. ಡಿ. ರಾಜೇಂದ್ರ ಬಾಬು ನಿರ್ದೇಶಿಸಿದ ‘ದಿಗ್ಗಜರು’ (2001), ವಿಷ್ಣುವರ್ಧನ್ ಮತ್ತು ಅಂಬರೀಷ್ ಕೂಡಿ ನಟಿಸಿದ್ದು. ತಮಿಳಿನ ‘ನಟ್ಪುಕ್ಕಾಗ’ದ ರೀಮೇಕೆಂಬ ಆಕ್ಷೇಪವನ್ನು ಪಂಪನ ಪ್ರಕರಣದಲ್ಲೇ ನಿವಾರಿಸಲಾಗಿದೆ. ಇದರಿಂದ ದೊರೆಯುವ ಸೂತ್ರ ಇಂತಿದೆ: ಗೆಳೆಯರಲ್ಲಿ ಒಬ್ಬ ಧಣಿಯಾಗಿರಬೇಕು, ಇನ್ನೊಬ್ಬ ಅವನ ಮನೆಯ ಉಪ್ಪು ಉಂಡವನಾಗಿರಬೇಕು, ಉಂಡವನು ತನ್ನದಲ್ಲದ ತಪ್ಪನ್ನು ಹೊತ್ತು ಜೈಲಿಗೆ ಹೋಗಬೇಕು, ಧಣಿಗೆ ಸತ್ಯ ತಿಳಿಯುವ ಹೊತ್ತಿಗೆ ಒಂದೇ ರೀಲು ಉಳಿದಿರಬೇಕು. ಮೊದಲೇ ಏಕೆ ತಿಳಿಯಬಾರದು ಎಂದು ಕೇಳುವವರು ಇಂಟರ್ವಲ್ಲಿನಲ್ಲಿ ಮಿರ್ಚಿ ಮಾರುವವನ ಹೊಟ್ಟೆಪಾಡನ್ನು ಯೋಚಿಸಿದವರಲ್ಲ. ಇದೇ ಇಬ್ಬರು ನಟರು 1972ರ ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿ ಮತ್ತು ಜಲೀಲ. ಅಲಮೇಲುವಿನ ಬೆನ್ನುಬಿದ್ದ ಜಲೀಲನಿಗೆ ರಾಮಾಚಾರಿಯ ಏಟುಗಳು ಸರಿಯಾಗಿ ಬಿದ್ದವು. ನಿರ್ದೇಶಕ ಪುಟ್ಟಣ್ಣನವರ ಕ್ಯಾಮರಾದ ಮುಂದೆ ಏಟು ತಿಂದವನು, ಕ್ಯಾಮರಾದ ಹಿಂದೆ ಏಟು ಕೊಟ್ಟವನಿಗೆ ಕಡೆತನಕ ಜೀವದ ಗೆಳೆಯ. ಯಾವ ಸೂತ್ರಕ್ಕೂ ಇದು ಹೊಂದುವುದಿಲ್ಲವಾದ್ದರಿಂದ ಇದನ್ನು ಅಪವಾದವೆಂದು ಬದಿಗಿಡಲಾಗಿದೆ.

ಕರಾವಳಿ ಶಾಖೆಯದು ಬೇರೆ ಸಂಪ್ರದಾಯ. ‘ಗರುಡ ಗಮನ ವೃಷಭ ವಾಹನ’ದಲ್ಲಿ (2021) ಹರಿ ಮತ್ತು ಶಿವ ಒಂದೇ ತಾಯಿಯ ಕೈತುತ್ತು ತಿಂದು ಬೆಳೆಯುತ್ತಾರೆ; ದ್ರೋಹವಿದೆ, ಉದ್ಧಾರವಿಲ್ಲ. ನಮ್ಮ ಕಡೆಯ ಪ್ರೇಕ್ಷಕರಿಗೆ ಇದು ಉಂಡು ಕೈತೊಳೆಯಲು ನೀರು ಕೊಡದ ಮನೆಯ ಹಾಗೆ. ‘ಉಳಿದವರು ಕಂಡಂತೆ’ (2014) ಮಾತ್ರ ನಮ್ಮ ಸಿದ್ಧಾಂತಕ್ಕೆ ಸಮೀಪದ್ದು. ಮಲ್ಪೆಯ ರಿಚ್ಚಿ, ರಾಘು ಬಾಲ್ಯದ ಗೆಳೆಯರು. ಒಬ್ಬ ಓಡಿಹೋದ, ಒಬ್ಬ ರಿಮ್ಯಾಂಡ್ ಹೋಮಿಗೆ ಹೋದ. ನಡೆದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಕಂಡಿದ್ದಾರೆ. ಹಸ್ತಪ್ರತಿ ಸಂಪಾದನೆ ಗೊತ್ತಿದ್ದವರು ತೆಗೆದ ಪಿಚ್ಚರಿನ ಹಾಗಿದೆ.

ಇನ್ನು ಮುಖ್ಯ ಪಠ್ಯ, ಅಂದರೆ ಅವಳಿನಗರ. 20 ಕಿಲೋಮೀಟರ್ ದೂರದ ಎರಡು ಊರುಗಳನ್ನು 1962ರಲ್ಲಿ ಒಂದೇ ಮಹಾನಗರ ಪಾಲಿಕೆಯ ಮಕ್ಕಳೆಂದು ಘೋಷಿಸಲಾಯಿತು. ಅಲ್ಲಿಂದ ಮುಂದಿನದಕ್ಕೆ ಎರಡು ಪ್ರತಿಗಳಿವೆ. ಹುಬ್ಬಳ್ಳಿ ಪ್ರತಿಯ ಪ್ರಕಾರ ಯುನಿವರ್ಸಿಟಿ ಧಾರವಾಡದ್ದು, 2008ರಲ್ಲಿ ಹೈಕೋರ್ಟ್ ಪೀಠ ಅವರಿಗೇ, 2016ರಲ್ಲಿ ಐಐಟಿಯೂ ಅವರಿಗೇ, ಜಿಲ್ಲೆಯ ಹೆಸರೂ ಅವರದೇ. ಧಾರವಾಡ ಪ್ರತಿಯ ಪ್ರಕಾರ ಪಾಲಿಕೆಯ ದೊಡ್ಡ ಕಚೇರಿ ಹುಬ್ಬಳ್ಳಿಯಲ್ಲಿ, ವಿಮಾನ ನಿಲ್ದಾಣ ಹುಬ್ಬಳ್ಳಿಯಲ್ಲಿ, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ. ಸಾಲದೆಂದು 2023ರಲ್ಲಿ 1507 ಮೀಟರಿನ, ಜಗತ್ತಿನಲ್ಲೇ ಉದ್ದನೆಯ ಪ್ಲಾಟ್‌ಫಾರ್ಮು. ಅಷ್ಟುದ್ದ ಯಾರು ನಡೆಯಬೇಕು, ಎಂದು ಧಾರವಾಡ ಪ್ರತಿಯ ಹಾಳೆಯಂಚಿನಲ್ಲಿ ಟಿಪ್ಪಣಿಯಿದೆ. 2025ರ ಜನವರಿಯಲ್ಲಿ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಗೆ ಒಪ್ಪಿಗೆ ಕೊಟ್ಟಿತು. ಅರ್ಧ ರಾಜ್ಯದ ಪ್ರಸಂಗವನ್ನು ಈಗ ನೆನೆಯುವುದು. ಗಂಗೆಯ ಜಾಗದಲ್ಲಿ ಎರಡೂ ಊರುಗಳ ನಡುವಿನ ಚಿಗರಿ ಬಸ್ಸಿನ ದಾರಿ ಹರಿಯುತ್ತಿದೆ.

ಇಷ್ಟು ದೊಡ್ಡ ಪಠ್ಯವನ್ನು ಸಂಪಾದಿಸುವುದು ಒಬ್ಬರ ಕೆಲಸವಲ್ಲವಾದ್ದರಿಂದ ಒಂದು ಸಣ್ಣ ಪಠ್ಯವನ್ನು ಪರಿಶೀಲನೆಗೆ ಆಯ್ದುಕೊಂಡೆವು. ಹುಬ್ಬಳ್ಳಿಯ ಕೇಶ್ವಾಪುರದ ನಿವೃತ್ತ ರೈಲ್ವೆ ನೌಕರರೊಬ್ಬರು, ಧಾರವಾಡದ ಮಾಳಮಡ್ಡಿಯ ನಿವೃತ್ತ ಗುಮಾಸ್ತರೊಬ್ಬರು. ಒಂದೇ ಬೆಂಚಿನಲ್ಲಿ ಕೂತು ಕಲಿತವರು. ‘ನಾಗರಹಾವು’ ಬಂದ ಹೊಸತರಲ್ಲಿ ಇಬ್ಬರೂ ಕೂಡಿ ನೋಡಬೇಕೆಂದು ಹುಬ್ಬಳ್ಳಿಯ ಟಾಕೀಜಿಗೆ ಹೋದರು. ನೋಡಿದವನು ಒಬ್ಬನೇ.

ಕೇಪ್ರತಿ: “ಟಿಕೀಟು ನಾನ ತಗದಿಟ್ಟಿದ್ದೆರೀ, ಎರಡೂ. ಇಂವಾ ಪಾಳಿ ಬಿಟ್ಟು ಹೋಗಿ ಇನ್ನೊಬ್ಬಾಂವನ ಜೋಡಿ ಒಳಗ ಕುಂತಿದ್ದಾ. ನಾ ಹೊರಗ ನಿಂತ ಕಾದೆ, ಹಾಡು ಕೇಳಿ ಮನಿಗಿ ಬಂದೆ.”

ಮಾಪ್ರತಿ: “ಸುಳ್ಳ ಹೇಳ್ತಾನ. ಗೇಟಿನ ಮುಂದ ನಿಂತಾಂವಾ ನಾ. ಇಂವಾ ನನ್ನ ಟಿಕೀಟ ಬ್ಲ್ಯಾಕಿನ್ಯಾಗ ಮಾರಿ, ಆ ರೊಕ್ಕದಾಗ ಗಿರಮಿಟ್ಟು ತಿಂದು, ಪಿಚ್ಚರ್ ನೋಡಿದಾ. ಮರದಿನಾ ಸಾಲ್ಯಾಗ ನನಗ ಕಥೀನೂ ಹೇಳಲಿಲ್ಲ.”

ಎರಡೂ ಪ್ರತಿಗಳಲ್ಲಿ ಸಮಾನವಾಗಿರುವ ಪಾಠಗಳು: ಮಳೆಯ ಹನಿ, ಬ್ಯಾಟರಿ ಹಿಡಿದ ಗೇಟ್‌ಕೀಪರ್, ಹೌಸ್‌ಫುಲ್ ಬೋರ್ಡು, ಹಾಗೂ ಹೊರಗೆ ನಿಂತವನು ತಾನೇ ಎಂಬುದು. ಗಿರಮಿಟ್ಟು ಮಾಪ್ರತಿಯಲ್ಲಿ ಮಾತ್ರ ಇರುವುದರಿಂದ ಪ್ರಕ್ಷಿಪ್ತವೆಂದು ಮೊದಲು ಎಣಿಸಿದ್ದೆವು. ಆದರೆ ಅದರ ಮೇಲೆ ಉಳ್ಳಾಗಡ್ಡಿ ಎಷ್ಟಿತ್ತು, ಹುರಿಗಡಲೆ ಪುಡಿ ಹೇಗೆ ಉದುರಿಸಿದ್ದ ಎಂಬ ವಿವರವನ್ನು ಮಾಪ್ರತಿಯವರು ಎಷ್ಟು ಸಂಕಟದಿಂದ ಕೊಟ್ಟರೆಂದರೆ, ದೂರ ನಿಂತು ನೋಡಿದವನಿಗಷ್ಟೇ ಅದು ಸಾಧ್ಯ. ತಿಂದವನಿಗೆ ಇಷ್ಟು ನೆನಪಿರುವುದಿಲ್ಲ.

ಇಲ್ಲಿ ನಮ್ಮ ಮುಖ್ಯ ಪ್ರಮೇಯ ಹೊರಬೀಳುತ್ತದೆ. ಪಿಚ್ಚರಿನಲ್ಲಿ ದ್ರೋಹಿ ಯಾರೆಂದು ಕ್ಯಾಮರಾ ತೋರಿಸುತ್ತದೆ, ವಯೊಲಿನ್ ಸಾರಿ ಹೇಳುತ್ತದೆ, ಆದ್ದರಿಂದಲೇ ಅವನಿಗೆ ಪಶ್ಚಾತ್ತಾಪ ಪಡಲು ಅನುಕೂಲ. ಕೇಶ್ವಾಪುರ, ಮಾಳಮಡ್ಡಿಗಳಲ್ಲಿ ವಯೊಲಿನ್ ಇಲ್ಲ. ಇಬ್ಬರೂ ದ್ರೋಹಕ್ಕೊಳಗಾದವರೇ ಆಗಿರುವಾಗ ಉದ್ಧಾರ ಆಗಬೇಕಾದ್ದು ಯಾರದು? ಪರೀಕ್ಷಾರ್ಥವಾಗಿ ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡು, ಒಮ್ಮೆ ತಪ್ಪಾಯಿತು ಎಂದುಬಿಡಿ, ಪ್ರಬಂಧ ಮುಗಿಯುತ್ತದೆ, ಎಂದು ಬೇಡಿಕೊಂಡೆವು. “ಅಂವಾ ಅನ್ಲಿ. ನಾ ಕ್ಷಮಾ ಮಾಡಾಕ ಯಾವಾಗಿಂದ ತಯಾರ ಕುಂತೇನಿ” ಎಂಬ ಉತ್ತರ ಎರಡು ಕಡೆಯೂ ಒಂದಕ್ಷರ ವ್ಯತ್ಯಾಸವಿಲ್ಲದೆ ಬಂತು. ಕ್ಷಮೆಯ ದಾಸ್ತಾನು ತುಂಬಿ ತುಳುಕುತ್ತಿದೆ, ತಪ್ಪಿನ ಪೂರೈಕೆಯೇ ಇಲ್ಲ. ದ್ರೋಣ ದ್ರುಪದರಲ್ಲೂ, ಎರಡು ಪಾಲಿಕೆಗಳಲ್ಲೂ ಕೊರತೆ ಇದರದೇ. ಚಿತ್ರರಂಗದವರು ಈ ಕೊರತೆಯನ್ನು ಒಬ್ಬ ವಿಲನ್ನನ್ನು ತಂದು ತುಂಬಿಸಿಕೊಳ್ಳುತ್ತಾರೆ. ಪ್ರತಿಗಳಿಬ್ಬರೂ ಗೇಟ್‌ಕೀಪರನನ್ನು ವಿಲನ್ ಮಾಡಲು ಒಪ್ಪಲಿಲ್ಲ. “ಅಂವಾ ಭಾಳ ಛಲೋ ಮನಶಾ ಇದ್ದಾ” ಎಂಬುದರಲ್ಲಿ ಮಾತ್ರ ಅವರಿಗೆ ಸಹಮತವಿದೆ.

ಈ ಜೋಡಿ ಈಗಲೂ ಪ್ರತಿ ರವಿವಾರ ಕೂಡುತ್ತಾರೆ ಎಂಬ ಸಂಗತಿ ಸಿದ್ಧಾಂತಕ್ಕೆ ತೊಡಕಾಗುವುದರಿಂದ ಚರ್ಚಿಸಿಲ್ಲ.

ಪ್ರಬಂಧ ಮಂಡನೆಗೆ ವಿಚಾರ ಸಂಕಿರಣವೊಂದನ್ನು ಗೊತ್ತುಪಡಿಸುವ ಯತ್ನ ನಡೆದಿದೆ. ಧಾರವಾಡದಲ್ಲಾದರೆ ಕೇಪ್ರತಿಯವರು ಬರುವುದಿಲ್ಲ. ಅಲ್ಲಿ ಭಾಷಣ ಜಾಸ್ತಿ. ಹುಬ್ಬಳ್ಳಿಯಲ್ಲಾದರೆ ಮಾಪ್ರತಿಯವರು ಬರುವುದಿಲ್ಲ. ಅಲ್ಲಿ ಕೇಳುವವರು ಕಡಿಮೆ. ನಡುವಿನ ನವನಗರದಲ್ಲಿಡೋಣವೆಂದರೆ, ಅದು ಹುಬ್ಬಳ್ಳಿಯ ಪೈಕಿ ಎಂದು ಇವರು, ಧಾರವಾಡದ ಪೈಕಿ ಎಂದು ಅವರು. ಸ್ಥಳ ನಿಶ್ಚಯವಾಗಿಲ್ಲವಾದರೂ ಊಟದ ಕೂಪನ್ನುಗಳನ್ನು ಇಬ್ಬರೂ ಮುಂಗಡ ಇಸಿದುಕೊಂಡಿದ್ದಾರೆ. ಎರಡೂ ಕೂಪನ್ನು ತಮ್ಮ ಹತ್ತಿರವೇ ಇರಲಿ, ಕಳೆಯುವುದಿಲ್ಲ, ಎಂದು ಕೇಪ್ರತಿಯವರು ಕೈಚಾಚಿದರು. ಮಾಪ್ರತಿಯವರು ತಮ್ಮದನ್ನು ಮಡಚಿ ಚಷ್ಮಾದ ಡಬ್ಬಿಯೊಳಗೆ ಹಾಕಿ, ಡಬ್ಬಿಯನ್ನು ಒಳಕಿಸೆಗೆ ಇಳಿಸಿದರು.