ಸ್ತೋತ್ರದ ಕಾಕಾ

ಭಾನುವಾರದ ಆರಾಧನೆಯಲ್ಲಿ ಪ್ರಕಟಣೆಗಳು ಮುಗಿದ ಮೇಲೆ ಪಾಸ್ಟರು ಕನ್ನಡಕ ಸರಿಪಡಿಸಿಕೊಂಡು, ‘ಯಾರಾದರೂ ಸಾಕ್ಷಿ ಹೇಳುವವರಿದ್ದರೆ, ಚುಟುಕಾಗಿ...’ ಎನ್ನುತ್ತಾರೆ. ಆ ‘ಚುಟುಕಾಗಿ’ ಇಡೀ ಸಭೆಗೆ ಹೇಳಿದ್ದಲ್ಲ. ಗಂಡಸರ ಸಾಲಿನ ಎರಡನೇ ಬೆಂಚಿನ ತುದಿಯಲ್ಲಿ ಕೂತ ಒಬ್ಬರಿಗೆ ಹೇಳಿದ್ದು. ಅವರು ಅಷ್ಟರಲ್ಲಿ ಎದ್ದು ನಿಂತಾಗಿರುತ್ತದೆ.

ಇಂಥವರು ಇಲ್ಲದ ಸಭೆಯೇ ಇಲ್ಲ. ಬೆಂಗಳೂರಿನಲ್ಲಾದರೆ ಅವರನ್ನು ಬ್ರದರ್ ಅನ್ನುತ್ತಾರೆ, ನಮ್ಮ ಧಾರವಾಡದಲ್ಲಿ ಕಾಕಾ. ಪ್ರಾರ್ಥನೆಯನ್ನೇನೋ ಎಲ್ಲರೂ ಮಾಡುತ್ತಾರೆ. ನಾವು ನೀವೆಲ್ಲ ಕಷ್ಟ ಬಂದಾಗ ಮೊಣಕಾಲೂರಿ, ಕಷ್ಟ ಕಳೆದ ಮೇಲೆ ಧೂಳು ಕೊಡವಿಕೊಂಡು ನಮ್ಮ ದಾರಿ ಹಿಡಿಯುವ ಪೈಕಿ. ಇವರು ಮೊಣಕಾಲಿನಿಂದ ಎದ್ದವರು ನೇರವಾಗಿ ಮೈಕಿಗೆ ಬರುತ್ತಾರೆ.

ಉತ್ತರ ದೊಡ್ಡದೋ ಸಣ್ಣದೋ ಎಂಬ ಭೇದ ಕಾಕಾರಲ್ಲಿಲ್ಲ. ಮಗಳಿಗೆ ನೌಕರಿ ಸಿಕ್ಕಿದ್ದಕ್ಕೂ ಸ್ತೋತ್ರ, ನೆಂಟರು ಬಂದ ದಿನವೇ ನಳದ ನೀರು ಬಂದದ್ದಕ್ಕೂ ಸ್ತೋತ್ರ. ಪಾಯಸ ಕುದಿದು ಮುಗಿಯುವವರೆಗೆ ಗ್ಯಾಸ್ ಸಿಲಿಂಡರು ತಾಳಿಕೊಂಡದ್ದನ್ನು ಅವರು ಎಲೀಯನ ಕಾಲದ ವಿಧವೆಯ ಎಣ್ಣೆಯ ಕುಡಿಕೆಯ ಪಕ್ಕದಲ್ಲಿಟ್ಟು ವಿವರಿಸಿದ ಭಾನುವಾರ, ಹೆಂಗಸರ ಸಾಲಿನಲ್ಲಿ ಎಷ್ಟೋ ಮಂದಿಗೆ ತಮ್ಮ ಮನೆಯ ಒಲೆಯ ಮೇಲಿಟ್ಟ ಸಾರು ನೆನಪಾಗಿತ್ತು.

1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರು ಊರಿಗೆ ಶಾಲೆಯನ್ನೂ ಶಿಸ್ತನ್ನೂ ಕೊಟ್ಟರು. ಶಿಸ್ತು ಕಾಕಾರ ಬೆಂಚಿನವರೆಗೆ ಬಂದು ಅಲ್ಲೇ ನಿಂತುಬಿಟ್ಟಿದೆ. ಆದರೆ ಅದೇ ಮಿಷನ್ನಿನ ಕಿಟೆಲ್ಲರು 1894ರಲ್ಲಿ ಹೊರತಂದ ನಿಘಂಟಿನ ಸುಮಾರು 70,000 ಪದಗಳು ಮಾತ್ರ ಕಾಕಾರಿಗೆ ಪೂರ್ತಿ ಸಂದಾಯವಾಗಿವೆ. ಲೂಕನ ಸುವಾರ್ತೆಯಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣವಾದ ಕಥೆಯಿದೆಯಲ್ಲ, ಅದರಲ್ಲಿ ಸ್ತೋತ್ರ ಹೇಳಲು ಹಿಂದಿರುಗಿದವನು ಒಬ್ಬನೇ, ಅವನೂ ಸಮಾರ್ಯದವನು. ಮಿಕ್ಕ ಒಂಬತ್ತು ಮಂದಿ ಎಲ್ಲಿ ಎಂದು ಯೇಸುಸ್ವಾಮಿ ಕೇಳಿದರು. ಹಿಂದಿರುಗಿದವನು ಎಷ್ಟು ಹೊತ್ತು ಮಾತಾಡಿದ ಎಂಬುದನ್ನು ಲೂಕ ಬರೆದಿಲ್ಲ. ವೈದ್ಯ ನೋಡಿ, ಕಾದು ಕೂತವರ ಮೇಲೆ ಕರುಣೆ.

ಕ್ಯಾಥೊಲಿಕ್ ಗೆಳೆಯರನ್ನು ಕಂಡು ನಾನು ಹೊಟ್ಟೆಕಿಚ್ಚು ಪಡುವುದು ಇಲ್ಲಿಯೇ. ಸಂತ ಯೂದರಿಗೋ ಬಾಲಯೇಸುವಿಗೋ ವಂದನೆ ಹೇಳಬೇಕಾದರೆ ಅವರು ಪತ್ರಿಕೆಯ ಮೂಲೆಯಲ್ಲಿ ಎರಡು ಸಾಲಿನ ಜಾಹೀರಾತು ಕೊಟ್ಟು, ಕೆಳಗೆ ಬರೀ ಇನಿಷಿಯಲ್ ಹಾಕಿಸುತ್ತಾರೆ. ದುಡ್ಡು ಸಾಲಿನ ಲೆಕ್ಕದಲ್ಲಿ. ನಮ್ಮಲ್ಲೂ ಸಾಕ್ಷಿಗೆ ಸಾಲಿಗಿಷ್ಟು ಎಂದು ದರ ಇಟ್ಟಿದ್ದರೆ ಪಾಸ್ಟರ ಮನೆಯ ಮಾಳಿಗೆ ಎಂದೋ ರಿಪೇರಿಯಾಗುತ್ತಿತ್ತು. ಕಾಕಾ ಅದಕ್ಕೂ ಹಿಂಜರಿಯುವವರಲ್ಲ ಬಿಡಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಮೊಮ್ಮಗ ಗಣಿತದಲ್ಲಿ ಪಾಸಾದ ಸ್ತೋತ್ರಕ್ಕೆಂದು ಒಂದು ಕುಂಬಳಕಾಯಿಯ ಬೆಲೆಯನ್ನು ತಮ್ಮಷ್ಟಕ್ಕೆ ತಾವೇ ಏರಿಸುತ್ತ ಹೋದವರು ಅವರು. ಎದುರು ಕೂಗುವವರು ಯಾರೂ ಇರಲಿಲ್ಲ.

ಇಷ್ಟನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಬರ್ತಿನ ಪ್ರಕರಣ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿಗೆ ಹೊರಟಿದ್ದೆ. ಕೆಳಗಿನ ಬರ್ತು ಸಿಕ್ಕ ಖುಷಿಯಲ್ಲಿ ಆಗಲೇ ಚಾದರ ಹಾಸಿದ್ದೆ. ಕಾಕಾ ಪ್ರತ್ಯಕ್ಷರಾದರು. ‘ತಮ್ಮಾ, ನಂದು ಮ್ಯಾಲಿನ ಬರ್ತು ಐತಿ. ಮೊಣಕಾಲು ಭಾಳ ತ್ರಾಸ ಕೊಡಾಕತ್ತಾವ’ ಎಂದು ನನ್ನ ಚಾದರದ ಮೇಲೆಯೇ ಕೂತರು. ನಾನು ಹತ್ತಿದೆ. ಮೇಲೆ ಫ್ಯಾನು ತಿರುಗುತ್ತಿರಲಿಲ್ಲ, ಕೆಳಗೆ ಕಾಕಾರ ಗೊರಕೆ ನಿಲ್ಲುತ್ತಿರಲಿಲ್ಲ.

ಮುಂದಿನ ಭಾನುವಾರ ಸಾಕ್ಷಿ ಕೇಳಿ: ‘ಕರ್ತನಲ್ಲಿ ಪ್ರಿಯರೇ, ಸ್ಟೇಷನ್ನಿನ್ಯಾಗ ನಿಂತು ಪ್ರಾರ್ಥನಾ ಮಾಡಿದೆ. ಒಳಗ ಹೋದ್ರ ಕೆಳಗಿನ ಬರ್ತಿನ ಮ್ಯಾಲ ಒಬ್ಬಾಂವ ಕುಂತಿದ್ದ. ಮಾರಿ ನೋಡಿದ್ರ ಕೊಡೋ ಪೈಕಿ ಅಲ್ಲ. ಆದ್ರ ಕಲ್ಲಿನಂಥ ಹೃದಯಾನೂ ಕರಗಸಾಂವ ನಮ್ಮ ಕರ್ತ!’ ಇಡೀ ಸಭೆ ‘ಹಲ್ಲೆಲೂಯಾ’ ಎಂದಿತು. ಹಿಂದಿನ ಬೆಂಚಿನಲ್ಲಿ ಕೂತ ಆ ಕಲ್ಲಿನ ಹೃದಯದವನೂ ಎಂದ. ಹೆಂಗಸರ ಸಾಲಿನಿಂದ ನನ್ನ ಹೆಂಡತಿ ತಿರುಗಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಹಿಮೆಯೆಲ್ಲ ಸರ್ವಶಕ್ತನಿಗೇ ಸಲ್ಲಲಿ, ನನ್ನ ತಕರಾರಿಲ್ಲ. ಒಂದು ಅಪ್ಪರ್ ಬರ್ತಿನಷ್ಟು ನನ್ನ ಕಡೆಗೂ ಬಂದಿದ್ದರೆ ಸಾಕಿತ್ತು.

ಕಾಕಾರ ಹತ್ತಿರ ಕೆಂಪು ರಟ್ಟಿನ ಲೆಕ್ಕದ ಪುಸ್ತಕವೊಂದಿದೆ. ಎಡಗಡೆ ಬೇಡಿಕೆ, ಬಲಗಡೆ ಉತ್ತರ, ಎರಡಕ್ಕೂ ತಾರೀಖು. 19ನೇ ಶತಮಾನದಲ್ಲಿ ಬ್ರಿಸ್ಟಲ್‌ನಲ್ಲಿ ಯಾರ ಮುಂದೆಯೂ ಕೈಯೊಡ್ಡದೆ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರ್ ಹೀಗೆ ಬರೆದಿಡುತ್ತಿದ್ದರು, ಅವರೇ ಕಾಕಾರ ಆದರ್ಶ. ಕಾಕಾರ ಹೆಂಡತಿ, ನಮ್ಮ ಕಾಕು, ಹಾಸಿಗೆ ಹಿಡಿದಾಗ ಎಡಗಡೆ ಒಂದೇ ಬೇಡಿಕೆ ಪುಟಗಟ್ಟಲೆ ತುಂಬಿತು. ಸಭೆಯೆಲ್ಲ ಉಪವಾಸ ಮಾಡಿತು, ಮನೆಮನೆಯಲ್ಲಿ ಪ್ರಾರ್ಥನೆ ನಡೆಯಿತು. ಕಾಕು ಉಳಿಯಲಿಲ್ಲ.

ಮಣ್ಣು ಮಾಡಿದ ಮುಂದಿನ ಭಾನುವಾರ ಪಾಸ್ಟರು ಸಾಕ್ಷಿಯ ಮಾತನ್ನೇ ಎತ್ತದೆ ಕಾಣಿಕೆಯ ಹಾಡಿಗೆ ಹಾರ್ಮೋನಿಯಮ್ಮಿನ ಕಡೆ ಕಣ್ಸನ್ನೆ ಮಾಡಿದರು. ಕಾಕಾ ಎದ್ದರು. ಪುಸ್ತಕ ತೆರೆದು ಬಲಗಡೆಯಿಂದ ಓದತೊಡಗಿದರು, ಬರೀ ಹೆಸರುಗಳು. ರಾತ್ರಿಪಾಳಿಯಲ್ಲಿ ಕಾಕುಗೆ ತಲೆ ಬಾಚಿದ ನರ್ಸು, ಬಾಡಿಗೆ ಬೇಡವೆಂದ ಆಟೋದವನು, ರೊಟ್ಟಿ ಪಲ್ಯ ತಂದ ಮನೆಗಳು, ರಕ್ತ ಕೊಟ್ಟ ಹಾಸ್ಟೆಲಿನ ಹುಡುಗರು. ಕರ್ತನ ಕೃಪೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ ಮನುಷ್ಯ ಅಂದು ಒಬ್ಬರನ್ನೂ ಬಿಡಲಿಲ್ಲ. ನನ್ನ ಹೆಸರೂ ಬಂತು, ಆಸ್ಪತ್ರೆಗೆ ಕುರ್ಚಿ ತಂದುಕೊಟ್ಟದ್ದಕ್ಕೆ. ನಾನು ತಂದದ್ದು ಸ್ಟೂಲು. ತಿದ್ದಲು ಹೋಗಲಿಲ್ಲ.

ಅಂದು ಆರಾಧನೆ ಮುಗಿದಾಗ ಒಂದೂವರೆ. ನಾಲ್ಕಾರು ವಾರದಲ್ಲಿ ಕಾಕಾ ಮತ್ತೆ ನಳದ ನೀರಿಗೆ ಮರಳಿದರು, ಪಾಸ್ಟರು ‘ಚುಟುಕಾಗಿ’ಗೆ ಮರಳಿದರು, ನಾನು ನನ್ನ ಗೊಣಗಾಟಕ್ಕೆ.

ಓದುಗರಲ್ಲಿ ಒಂದು ವಿನಂತಿ. ರಾತ್ರಿ ರೈಲಿನಲ್ಲಿ ಮೊಣಕಾಲು ಹಿಡಿದುಕೊಂಡ ಹಿರಿಯರೊಬ್ಬರು ನಿಮ್ಮ ಚಾದರದ ಮೇಲೆ ಬಂದು ಕೂತರೆ ಬರ್ತು ಬಿಟ್ಟುಕೊಡಿ. ಆದರೆ ಮೇಲೆ ಹತ್ತುವ ಮುನ್ನ ನಿಮ್ಮ ಹೆಸರನ್ನು ಅವರ ಪುಸ್ತಕದಲ್ಲಿ ಬರೆಸಿಬಿಡಿ.