ಬೋರ್ಡಿಲ್ಲದ ಬಸ್ಸು

ನಮ್ಮ ಗಡಿಯೂರು ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಪೂರ್ತಿ ಓದಬೇಕಿಲ್ಲ. ಅಕ್ಷರ ದುಂಡಗಿದ್ದರೆ ಕರ್ನಾಟಕದ ಬಸ್ಸು, ತಲೆಯ ಮೇಲೆ ಗೆರೆಯಿದ್ದರೆ ಮಹಾರಾಷ್ಟ್ರದ್ದು. ನನ್ನ ಲಿನಕ್ಸ್ ಕಂಪ್ಯೂಟರಿನ ಮೂಲೆಯಲ್ಲೂ, ಗಡಿಯಾರದ ಪಕ್ಕ, ಅಂಥದೊಂದು ಬೋರ್ಡಿತ್ತು. ಕೀಲಿಮಣೆ ಈಗ ಕನ್ನಡವೋ ಮರಾಠಿಯೋ ಎಂದು ಹೇಳುವ ಗುಲಗಂಜಿಯಷ್ಟು ಗುರುತು. ಬೀಗರ ಪತ್ರಕ್ಕೆ ಕನ್ನಡ, ತಹಸೀಲ ಕಚೇರಿಯ ಅರ್ಜಿಗೆ ಮರಾಠಿ. ನಮ್ಮ ಕಡೆ ಎರಡೂ ಬೇಕೇ ಬೇಕು. ಭಾಷೆ ಬದಲಿಸುವ ಈ ತಂತ್ರಾಂಶದ ಹೆಸರು ಐಬಸ್. ಹೋಲಿಕೆ ಕೂಡಲೆಂದು ನಾನಿಟ್ಟ ಹೆಸರಲ್ಲ, ಅದರದೇ.

ಒಂದು ಮುಂಜಾನೆ ನೋಡಿದರೆ ಮೂಲೆ ಬೋಳು. ವೈಫೈ ಗುರುತೂ ಇಲ್ಲ, ಐಬಸ್ಸೂ ಇಲ್ಲ.

ನಾನು ಕೀಲಿ ನೋಡಿ ಹೊಡೆಯುವವನು. ಪರದೆ ನೋಡುವುದು ಸಾಲು ಮುಗಿದ ಮೇಲೆ. ವಿಜಯಪುರದ ಬೀಗರಿಗೆ 'ನಮಸ್ಕಾರ' ಹೊಡೆದು ತಲೆಯೆತ್ತಿದರೆ ದೇವನಾಗರಿಯಲ್ಲಿ 'ಲಸ' ಎಂದು ಶುರುವಾಗಿತ್ತು. ಕನ್ನಡಕ್ಕೆ ನಾನು ಬಳಸುವ ಕಗಪ ಕೀಲಿವಿನ್ಯಾಸದಲ್ಲಿ ನ, ಮ ಇರುವ ಕೀಲಿಗಳಲ್ಲೇ ಇನ್‌ಸ್ಕ್ರಿಪ್ಟ್ ಮರಾಠಿಯ ಲ, ಸ ಕೂತಿವೆ. ಮರಾಠಿಯಲ್ಲಿ ಲಸ ಎಂದರೆ ಲಸಿಕೆ. ಬೀಗರಿಗೆ ಮೊದಲ ಸಾಲಲ್ಲೇ ಸೂಜಿ!

"ಏನ್ ಮಾಡಿದ್ಯೋ?" ಎಂದು ಮೊಮ್ಮಗನ ಮೇಲೆ ಹರಿಹಾಯ್ದೆ.

"ನಾ ಏನೂ ಮಾಡಿಲ್ಲೋ ಅಜ್ಜಾ. ನಿನ್ನೆ ನೀನಽ ಏನೋ ತಗದಿ."

ನೆನಪಾಯಿತು. ಮೂಲೆ ಹಸನು ಮಾಡುವ ಹುರುಪಿನಲ್ಲಿ ಬಲಗುಂಡಿ ಒತ್ತಿ 'ಪ್ಯಾನೆಲ್‌ನಿಂದ ತೆಗೆ' ಅಂದಿದ್ದೆ. ಒಂದು ಐಕಾನ್ ಹೋಗುತ್ತದೆ ಅಂದುಕೊಂಡರೆ, ಐಕಾನುಗಳೆಲ್ಲ ಕೂರುವ ಕಟ್ಟೆಯೇ ಹೋಗಿತ್ತು. ತಂತ್ರಾಂಶಗಳು ಒಳಗೆ ಓಡುತ್ತಲೇ ಇದ್ದವು. ಮುಖ ತೋರಿಸಲು ಜಾಗವಿರಲಿಲ್ಲ, ಅಷ್ಟೇ.

ನನ್ನದು 'ಮಾತೆ' ಡೆಸ್ಕ್‌ಟಾಪ್. 2011ರಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪಿನ ಹೊಸ ಆವೃತ್ತಿ ಗ್ನೋಮ್ 3 ಬಂದಾಗ, ಹಳೆಯ ಗ್ನೋಮ್ 2 ಬಿಡಲೊಲ್ಲದ ಅರ್ಜೆಂಟೀನಾದವನೊಬ್ಬ ಅದನ್ನು ಉಳಿಸಿಕೊಂಡು ತನ್ನ ನಾಡಿನ ಎಲೆಗಷಾಯದ ಹೆಸರಿಟ್ಟ. ನಾನಂತೂ ಮಾತೆಯೆಂದೇ ಕೈಮುಗಿಯುವವ. ಅಲ್ಲಿ ಉಪಾಯ ಸರಳ: ಪ್ಯಾನೆಲ್‌ನ ಖಾಲಿ ಜಾಗದಲ್ಲಿ (ಐಕಾನಿನ ಮೇಲೆ ಒತ್ತಿದರೆ ಬೇರೆಯೇ ಮೆನು ಬರುತ್ತದೆ) ಬಲಗುಂಡಿ ಒತ್ತಿ, 'ಪ್ಯಾನೆಲ್‌ಗೆ ಸೇರಿಸು' ಆರಿಸಿ, ಪಟ್ಟಿಯಿಂದ 'ನೋಟಿಫಿಕೇಶನ್ ಏರಿಯಾ' ಹಾಕುವುದು. ಹಾಕಿದೆ. ವೈಫೈ ಓಡಿಬಂತು. ಐಬಸ್ ಬರಲಿಲ್ಲ.

ಅದನ್ನು ಎಬ್ಬಿಸಲು ಟರ್ಮಿನಲ್‌ನಲ್ಲಿ 'ಐಬಸ್ ರೀಸ್ಟಾರ್ಟ್' ಎಂದು ಇಂಗ್ಲಿಷಿನಲ್ಲಿ ಹೊಡೆಯಬೇಕು. ಹೊಡೆದೆ, ಬಂದದ್ದು ಮರಾಠಿ. ಬದಲಿಸಿ ಹೊಡೆದೆ, ಕನ್ನಡ. ಇಂಗ್ಲಿಷು ಸಿಕ್ಕಿದ್ದು ಮೂರನೆಯ ಸಲ. ಗಡಿಯಾರದ ಪಕ್ಕ ಬೋರ್ಡು ಮರಳಿತು.

ಲಸಿಕೆಯ ಸಾಲು ಅಳಿಸುವಷ್ಟರಲ್ಲಿ ಬೀಗರ ಫೋನೇ ಬಂತು. ಬರೆಯಬೇಕೆಂದಿದ್ದನ್ನೆಲ್ಲ ಅದರಲ್ಲೇ ಹೇಳಿ ಮುಗಿಸಿದೆ.